ಹಾಯಿಯ ಕೆಳಮೂಲೆಯ ಹಗ್ಗ

ನಾನು ಸೊಸೆಯಾಗಿ ಕಾಲಿಟ್ಟ ಮನೆಯಲ್ಲಿ ಗಾಳಿಗೆ ಬೈಗುಳ ಬೀಳದ ದಿನವಿರಲಿಲ್ಲ. ಬೇರೆಯವರು ಮಳೆಗೆ ಬೈಯುತ್ತಾರೆ, ಬಿಸಿಲಿಗೆ ಬೈಯುತ್ತಾರೆ, ನೆರೆಮನೆಯವರಿಗೆ ಬೈಯುತ್ತಾರೆ. ನಮ್ಮಲ್ಲಿ ಕಿಟಕಿಯ ಕದ ಒಂದಿಷ್ಟು ಬಡಿದುಕೊಂಡರೂ ಸಾಕು, ಅತ್ತೆ ಕೂತಲ್ಲಿಂದಲೇ 'ಬಂತು ನೋಡು, ಇದರ ಬಾಯಾಗ ಮಣ್ಣ ಹಾಕ' ಎಂದು ಶುರು ಮಾಡುತ್ತಿದ್ದರು. ಯಾಕೆಂದರೆ ನಮ್ಮದು ತಾಡಪತ್ರಿ ಹೊಲಿಯುವ ಮನೆ. ಬ್ಯಾಡಗಿಯ ಮೆಣಸಿನಕಾಯಿ ತುಂಬಿದ ಲಾರಿಗಳ ಮೇಲೆ ಹೊದಿಸಿ ಕಟ್ಟುವ ದಪ್ಪ ಹತ್ತಿಬಟ್ಟೆಯ ಹೊದಿಕೆ ನಮ್ಮ ಅನ್ನ. ಗಾಳಿ ಅದನ್ನು ಎಬ್ಬಿಸುತ್ತದೆ, ನಾವು ಅದನ್ನು ಕಟ್ಟಿ ಮಲಗಿಸುತ್ತೇವೆ. ಜಗಳ ಅಷ್ಟೇ.

ಮನೆಯಲ್ಲಿ ಮೂರೇ ಜನ. ಅತ್ತೆ, ನಮ್ಮ ಮನೆಯವರು, ನಾನು. ನನ್ನ ತವರು ರಾಣೆಬೆನ್ನೂರು, ಮಗ್ಗದ ಮನೆ. ನಾವು ನೇಯ್ದ ದಪ್ಪ ಬಟ್ಟೆ ಮೊದಲಿಂದಲೂ ಈ ಮನೆಗೆ ಬರುತ್ತಿತ್ತು, ಆಮೇಲೆ ಅದರ ಹಿಂದೆ ನಾನೂ ಬಂದೆ. 'ಅರಿವಿ ಛಲೋ ಬಂತು, ಅದರ ಜೋಡಿ ಬಂದದ್ದs ಬಾಯಿಬಡಕಿ' ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. 'ನಿಮ್ಮ ಗಂಟಲ ಮುಂದ ನಂದೇನ್ರಿ ಅತ್ತಿ' ಅನ್ನುತ್ತಿದ್ದೆ.

ಆ ಗಂಟಲಿನಿಂದ ಹಗಲೆಲ್ಲ ಹೊರಡುತ್ತಿದ್ದ ಒಂದು ಮಾತಿತ್ತು: 'ಬಿಡಬ್ಯಾಡ!' ತಾಡಪತ್ರಿ ಕಟ್ಟುವವರಿಗೆಲ್ಲ ಕಲಿಸುವ ಮೊದಲ ಮಾತು ಅದು. ಲಾರಿಯ ಮೇಲೆ ನಿಂತವನ ಕೈಯಲ್ಲಿ ಹಗ್ಗ ಸಡಿಲಾದರೆ ಗಾಳಿ ಬಟ್ಟೆಯ ಅಡಿಗೆ ನುಗ್ಗುತ್ತದೆ, ಸರಕು ತೊಯ್ಯುತ್ತದೆ. ಹೀಗಾಗಿ ಗಾಳಿ ಎದ್ದ ಕೂಡಲೇ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಇದ್ದಬಿದ್ದವರೆಲ್ಲ ಲಾರಿಯ ಮೇಲಿನವರಿಗೆ 'ಬಿಡಬ್ಯಾಡ್ರೋ' ಎಂದು ಒದರುತ್ತಾರೆ. ಅತ್ತೆಗೆ ಅದು ಎಷ್ಟು ರೂಢಿಯೆಂದರೆ, ನಾನು ಬಾವಿಯಿಂದ ಕೊಡ ಎತ್ತುವಾಗಲೂ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಅದೇ ಮಾತು. ಅವರು ಹಾಗೆ ಒದರಿದಾಗಲೆಲ್ಲ ನಮ್ಮ ಮನೆಯವರು ಕೈಲಿದ್ದ ಕೆಲಸ ಅಲ್ಲೇ ಇಟ್ಟು ಹೊರಗೆ ಹೋಗುತ್ತಿದ್ದರು. ಆ ಗಂಟಲಿಗೆ ಯಾರಿಗಾದರೂ ತಲೆ ನೋಯುತ್ತದೆ ಅಂದುಕೊಂಡಿದ್ದೆ.

ಮಾವನವರನ್ನು ನಾನು ನೋಡಿಲ್ಲ. ನಾನು ಬರುವ ಮೊದಲೇ, ಯಾರ್ಡಿನಲ್ಲಿ ಬೇಸಗೆಯ ಅಡ್ಡಮಳೆಯ ಗಾಳಿ ಎದ್ದಾಗ ಲಾರಿ ಮೇಲಿಂದ ಬಿದ್ದು ಹೋದರಂತೆ. ಮನೆಯಲ್ಲಿ ಇಷ್ಟೇ ಹೇಳುತ್ತಿದ್ದರು. ಇನ್ನೊಂದು ಮಾತು ಕೇಳಿದರೆ ಅತ್ತೆ ದಬ್ಬಣಕ್ಕೆ ದಾರ ಪೋಣಿಸುವುದರಲ್ಲಿ ಮುಳುಗುತ್ತಿದ್ದರು, ಮಗ ಕೆಮ್ಮುತ್ತಿದ್ದರು.

ನಮ್ಮ ಮನೆಗೆ ಮೊದಲ ಮೊಬೈಲ್ ಬಂದ ವರ್ಷ ಅದು. ಲಾರಿಯವರು ಒಬ್ಬೊಬ್ಬರೇ ಪ್ಲಾಸ್ಟಿಕ್ ಹೊದಿಕೆಗೆ ಹೊರಳುತ್ತಿದ್ದರು, ನಮಗೆ ಕೆಲಸ ಕಡಿಮೆಯಾಗಿತ್ತು. ಬೇಸಗೆಯ ಒಂದು ಮಧ್ಯಾಹ್ನ ಕರಾವಳಿಯಿಂದ ಮೆಣಸಿನಕಾಯಿ ಕೊಳ್ಳಲು ಬರುವ ವ್ಯಾಪಾರಿಯೊಬ್ಬರು ಒಬ್ಬ ಅಜ್ಜನನ್ನು ನಮ್ಮ ಪಡಸಾಲೆಗೆ ಕರೆತಂದು ಕೂರಿಸಿ ಹೋದರು. ಬಿಳಿ ಗಡ್ಡ, ಬಿಸಿಲಿಗೆ ಸುಟ್ಟ ಮೂಗು, ನಡೆಯುವಾಗ ನೆಲವೇ ಅಲುಗುತ್ತಿದೆ ಅನ್ನುವಂತೆ ಕಾಲು ಅಗಲಿಸಿ ಇಡುವ ರೀತಿ. ತಾನು ತಾಂಡೇಲ ಅಂದರು. ಹಾಗಂದರೆ ಹಡಗು ನಡೆಸುವ ಹಿರಿಯ ನಾವಿಕ ಎಂದು ಅವರೇ ಬಿಡಿಸಿ ಹೇಳಿದರು.

ವಿಷಯ ಇಷ್ಟು. ಹಿಂದೆ ಅರಬರ ನಾಡಿಗೆ ಹೋಗಿಬರುತ್ತಿದ್ದ ಒಂದು ಹಳೆಯ ಮರದ ಹಡಗು ಅವರ ಬಂದರಿನಲ್ಲಿ ಸೊರಗಿ ನಿಂತಿತ್ತು. ಊರವರು ಸೇರಿ ಅದನ್ನು ರಿಪೇರಿ ಮಾಡಿ, ಇಂಜಿನ್ ಇಲ್ಲದೆ, ಹಳೆಯ ಕ್ರಮದಂತೆ ಹತ್ತಿಬಟ್ಟೆಯ ಹಾಯಿ ಕಟ್ಟಿ ಇನ್ನೊಮ್ಮೆ ಸಮುದ್ರಕ್ಕೆ ಬಿಡಬೇಕೆಂದು ಹೊರಟಿದ್ದರು. ಹಾಯಿ ಹೊಲಿಯುವವರು ಆ ಕಡೆ ಯಾರೂ ಉಳಿದಿರಲಿಲ್ಲ. ಅಷ್ಟು ದಪ್ಪ ಬಟ್ಟೆಯನ್ನು ಕೈಯಲ್ಲಿ ಹೊಲಿಯುವವರು ಬ್ಯಾಡಗಿಯಲ್ಲಿ ಇದ್ದಾರೆ ಎಂದು ವ್ಯಾಪಾರಿ ಹೇಳಿದ್ದರಂತೆ.

'ಹಾಯಿ ಅಂದ್ರ?' ಅಂದರು ಅತ್ತೆ. 'ನಮ್ಮ ಕಡಿ ಹಾಯೂದು ಅಂದ್ರ ಎಮ್ಮಿ ಹಾಯೂದು. ಅಂಥಾದ್ದೇನರ ಹೊಲಿಸಾಕ ಬಂದೀರೇನಪಾ?'

ಅಜ್ಜ ನಕ್ಕರು. 'ಇದೂ ಹಾಯ್ತದೆ ಅಮ್ಮಾ. ಹುಷಾರಾಗಿ ಇರದಿದ್ರೆ ಎಮ್ಮೆಗಿಂತ ಜೋರಾಗಿ ಹಾಯ್ತದೆ.'

ಒಂದು ದೊಡ್ಡ ಹಾಯಿ, ಒಂದು ಸಣ್ಣದು. ಬಟ್ಟೆ ನನ್ನ ತವರಿನಿಂದ ಬಂತು. ನಾನು ಸ್ವಲ್ಪ ತಲೆ ಎತ್ತಿಕೊಂಡೇ ಓಡಾಡಿದೆ, ಸುಳ್ಳು ಯಾಕೆ ಹೇಳಲಿ. ಪಟ್ಟಿ ಪಟ್ಟಿಯಾಗಿ ಬಟ್ಟೆ ಕತ್ತರಿಸಿ, ಒಂದರ ಅಂಚಿನ ಮೇಲೆ ಒಂದನ್ನು ಕೂರಿಸಿ, ಜೇನುಮೇಣ ತಿಕ್ಕಿದ ದಾರದಲ್ಲಿ ಹೊಲಿಯಬೇಕು. ಅದು ನಮಗೆ ಬರುತ್ತಿದ್ದ ಕೆಲಸವೇ. ಜಗಳ ಬಂದದ್ದು ಅಂಚಿಗೆ. ತಾಂಡೇಲರು ಇದ್ದಿಲ ಚೂರಿನಿಂದ ಅಂಗಳದಲ್ಲಿ ಗೆರೆ ಎಳೆದು ತೋರಿಸಿದರು. ಅಂಚು ನೇರ ಇರಬಾರದು, ತುಸು ಬಾಗಿರಬೇಕು. ಅಂಚಿನುದ್ದಕ್ಕೂ ಹಗ್ಗ ಸೇರಿಸಿ ಹೊಲಿಯುವಾಗ ಹಗ್ಗ ಬಿಗಿಯಾಗಿರಬೇಕು, ಬಟ್ಟೆಯನ್ನು ಸಡಿಲ ಬಿಡುತ್ತಾ ಹೋಗಬೇಕು.

'ಹಂಗ ಮಾಡಿದ್ರ ನಡುವ ಹೊಟ್ಟಿ ಬರ್ತೈತೆಲ್ಲ?' ಎಂದು ನಮ್ಮ ಮನೆಯವರು ಗಾಬರಿಯಾದರು. ತಾಡಪತ್ರಿಯಲ್ಲಿ ಹೊಟ್ಟೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ. ಹೊಟ್ಟೆ ಬಿಟ್ಟವನನ್ನು ನಮ್ಮ ಕಸುಬಿನಲ್ಲಿ ಯಾರೂ ಎರಡನೇ ಸಲ ಕರೆಯುವುದಿಲ್ಲ.

'ಬರಬೇಕು. ಹೊಟ್ಟೆ ಇಲ್ಲದೆ ಇದ್ರೆ ಗಾಳಿ ಎಲ್ಲಿ ಕೂರ್ತದೆ?'

ನಮ್ಮ ಮನೆಯವರು ಹೂಂ ಅಂದರು. ಆದರೆ ಕೈ ಕೇಳಬೇಕಲ್ಲ. ಬೆರಳು ತಾವೇ ತಾವಾಗಿ ಬಟ್ಟೆಯನ್ನು ಜಗ್ಗಿ ಬಿಗಿ ಮಾಡುತ್ತಿದ್ದವು. ಬೆಳಗ್ಗೆಯಿಂದ ಹೊಲಿದದ್ದನ್ನು ಸಂಜೆ ನಾನು ಕೂತು ಬಿಚ್ಚುತ್ತಿದ್ದೆ. ಮತ್ತೆ ಹೊಲಿದರೆ ಮತ್ತೆ ಅದೇ. ನನಗೆ ರೇಗಿ ಹೋಯಿತು. 'ಸಡ್ಲ ಬಿಡ್ರಿ ಅಂದ್ರ ಏನ ಜೀವಾ ಹೋಗ್ತೈತೇನ್ರಿ ನಿಮಗ?' ಎಂದು ಒಂದು ದಿನ ಒದರಿಯೇಬಿಟ್ಟೆ. ಅವರು ನನ್ನನ್ನು ನೋಡಿದ ನೋಟಕ್ಕೆ ಅರ್ಥ ಗೊತ್ತಾಗಲಿಲ್ಲ. ಕೊನೆಗೆ ಅಂಚಿನ ಬಟ್ಟೆಯನ್ನು ನಾನು ಸಡಿಲ ಹಿಡಿದು ಕೂರುವುದು, ಅವರು ಬರಿ ಹೊಲಿಗೆ ಹಾಕುವುದು ಎಂದು ಮಾಡಿಕೊಂಡೆವು.

ಸಣ್ಣ ಹಾಯಿ ಮುಗಿಯುವ ಹೊತ್ತಿಗೆ ತಾಂಡೇಲರು ಮತ್ತೆ ಬಂದು, ಅಂಚೆಲ್ಲ ಬೆರಳಾಡಿಸಿ ನೋಡಿ, ಒಂದು ಮಾತು ಹೇಳಿದರು. ಹೊಸ ಹತ್ತಿಬಟ್ಟೆ ಮೊದಲ ಕೆಲವು ದಿನ ಗಾಳಿಗೆ ಹಿಗ್ಗುತ್ತದೆ, ಆಗ ಅಂಚಿನ ಹೊಲಿಗೆ ಬಿಚ್ಚಿ ಹೊಸದಾಗಿ ಕೂರಿಸಬೇಕಾಗುತ್ತದೆ, ಹೊಲಿದ ಮನುಷ್ಯ ಹಡಗಿನ ಮೇಲೆ ಇರಬೇಕು. ದಸರೆ ಮುಗಿದ ಮೇಲೆ ಹೊರಡುವುದು.

ನಮ್ಮ ಮನೆಯವರ ಮುಖದಲ್ಲಿ ಅಂಥ ಬೆಳಕನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. 'ಬರ್ತೇನ್ರಿ' ಅಂದರು, ತಾಯಿಯನ್ನು ಕೇಳದೆ, ನನ್ನನ್ನು ಕೇಳದೆ. ಆ ರಾತ್ರಿ ಊಟಕ್ಕೆ ಕೂತಾಗ ನನಗೆ ಹೇಳಿದರು: 'ಹುಟ್ಟಿದಾಗಿಂದ ಅರಿವೀನ ಕಟ್ಟಿ ಹಾಕೂದs ಮಾಡೇನಿ. ಒಂದ್ಸಲಾ ಅದು ಹೋಗೂದನ್ನ ನೋಡಬೇಕು ಅನ್ನಸಾಕತ್ತೈತಿ.' ಈಜು ಬಾರದ ಮನುಷ್ಯ. ತುಂಗಭದ್ರೆಯಲ್ಲಿ ಮೊಣಕಾಲುಮಟ ಇಳಿದರೆ ಪಂಚೆ ತೊಯ್ದೀತೆಂದು ವಾಪಸ್ ಬರುವವರು. ಹೆದರಿಕೆಯಾಯಿತು. ಆದರೂ ಬೇಡ ಅನ್ನಲು ಬಾಯಿ ಬರಲಿಲ್ಲ.

ಅತ್ತೆಗೆ ಆ ತೊಂದರೆ ಇರಲಿಲ್ಲ. 'ಹಾಯಿ ಬೇಕಾದ್ರ ಹೋಗ್ಲಿ. ನನ್ನ ಮಗ ಹೋಗೂದಿಲ್ಲ. ಕದರಮಂಡಲಗಿ ಹನುಮಪ್ಪ ಸಮುದ್ರ ದಾಟಿದಾ, ಹಾಯಿ ಕಟ್ಟಿದ್ನೇನು? ದಾಟಾಕ ಬರೂವಂಥವರು ಹಂಗs ದಾಟ್ತಾರ. ಉಳಿದವರು ಮನ್ಯಾಗಿರಬೇಕು.'

ಅಲ್ಲಿಂದ ತಾಯಿ ಮಗ ಮಾತು ಬಿಟ್ಟರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಟಪಾಲು ಕೆಲಸ ನನಗೆ ಬಿತ್ತು. 'ನಮ್ಮವ್ವಗ ಹೇಳು', 'ನಿನ್ನ ಗಂಡಗ ಹೇಳು'. ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತು!

ಆಷಾಢದ ಗಾಳಿ ಶುರುವಾದಾಗ ಸಣ್ಣ ಹಾಯಿಯನ್ನು ಪರೀಕ್ಷೆ ಮಾಡಬೇಕು ಅಂದರು ತಾಂಡೇಲರು. ಮೋಟೆಬೆನ್ನೂರಿನ ಹತ್ತಿರ ನಮ್ಮ ಬೀಗರ ಒಂದು ಬೀಳು ಹೊಲವಿತ್ತು, ಗಿಡಮರವಿಲ್ಲದ, ತುಸು ಇಳಿಜಾರಿನ ಬಯಲು. ನೆಲ ತೊಯ್ದು ಮೆತ್ತಗಾಗಿತ್ತು, ಗಳ ನೆಟ್ಟರೆ ನಿಲ್ಲುತ್ತಿರಲಿಲ್ಲ. ಅದಕ್ಕೆ ನಮ್ಮ ಮನೆಯವರು ಟ್ರ್ಯಾಕ್ಟರಿನ ಟ್ರೇಲರ್ ತರಿಸಿ, ಅದರ ನಡುವೆ ಗಳ ನಿಲ್ಲಿಸಿ ಹಗ್ಗ ಬಿಗಿದು, ಗಾಲಿಗಳಿಗೆ ಕಲ್ಲು ಕೊಟ್ಟರು. ಟ್ರ್ಯಾಕ್ಟರ್ ಬಿಚ್ಚಿ ಆಚೆ ನಿಲ್ಲಿಸಿದರು. ಯಾರ್ಡಿನ ಗೆಳೆಯರು ಬಂದಿದ್ದರು. ಬರುವುದಿಲ್ಲ ಬರುವುದಿಲ್ಲ ಅನ್ನುತ್ತಾ ಅತ್ತೆಯೂ ಬಂದು ಒಡ್ಡಿನ ಮೇಲೆ ಕೂತಿದ್ದರು.

ತಾಂಡೇಲರು ಹಾಯಿಯ ಕೆಳಮೂಲೆಯ ಹಗ್ಗವನ್ನು ನಮ್ಮ ಮನೆಯವರ ಕೈಗೆ ಕೊಟ್ಟರು. 'ಇದೇ ಜೀವ. ಎಳೆದ್ರೆ ಗಾಳಿ ತುಂಬ್ತದೆ. ಬಿಟ್ರೆ ಗಾಳಿ ಸೋರಿ ಹೋಗ್ತದೆ, ಹಾಯಿ ಬರೇ ಬಟ್ಟೆ ಆಗ್ತದೆ. ಗಾಳಿ ಹೆಚ್ಚಾತು ಅನ್ನಿಸಿದ್ರೆ ಬಿಟ್ಬಿಡಿ. ಟ್ರೇಲರಿನ ಈ ಗೂಟಕ್ಕೆ ಒಂದು ಸುತ್ತು ಹಾಕಿ ಹಿಡೀರಿ. ಕೈಗೆ ಮಾತ್ರ ಸುತ್ತಬೇಡಿ ಮಾರಾಯ್ರೆ.'

'ಗೊತ್ತಾತ್ರಿ' ಅಂದರು. ಗೂಟಕ್ಕೆ ಸುತ್ತು ಹಾಕಿದ್ದನ್ನು ನಾನೇ ನೋಡಿದೆ.

ಮೊದಮೊದಲು ಚಂದವೇ ಇತ್ತು. ಹಾಯಿ ಮೇಲೇರಿತು, ಬಟ್ಟೆ ಪಟಪಟ ಬಡಿಯಿತು, ಆಮೇಲೆ ನಮ್ಮ ಮನೆಯವರು ಹಗ್ಗ ಎಳೆದರು ನೋಡಿ, ಸದ್ದೆಲ್ಲ ಒಮ್ಮೆಲೇ ನಿಂತುಹೋಯಿತು. ಬಟ್ಟೆ ತುಂಬಿಕೊಂಡಿತು. ನನ್ನ ತವರಿನ ಬಟ್ಟೆ, ನಾನು ಸಡಿಲ ಹಿಡಿದು ಕೂತ ಅಂಚು. ಯಾರೋ ಸಿಳ್ಳು ಹಾಕಿದರು. ನಮ್ಮ ಮನೆಯವರು ಹಲ್ಲು ಕಾಣುವಂತೆ ನಗುತ್ತಿದ್ದರು.

ಹೆದ್ದಾರಿಯ ಕಡೆಯಿಂದ ಹುಲ್ಲು ಅಲೆಅಲೆಯಾಗಿ ಮಲಗುತ್ತಾ ಬರುವುದು ಕಾಣಿಸಿತು. ಗಾಳಿ ಬಂದು ಹೊಡೆದ ಕೂಡಲೇ ಟ್ರೇಲರ್ ಕಿರ್ ಅಂದಿತು. ಹಗ್ಗ ಗೂಟದ ಮೇಲೆ ಜಾರತೊಡಗಿತು. ಲಾರಿಯ ಮೇಲೆ ಕೆಲಸ ಮಾಡಿದ ಕೈ, ಜಾರುವ ಹಗ್ಗವನ್ನು ಕಂಡು ಸುಮ್ಮನಿರುತ್ತದೆಯೇ? ಗೂಟ ಬಿಟ್ಟು ಸರಕ್ಕನೆ ಅಂಗೈಗೆ ಸುತ್ತಿಕೊಂಡುಬಿಟ್ಟರು.

'ಬಿಡಿ! ಬಿಡಿ!' ಎಂದು ತಾಂಡೇಲರು ಕೂಗಿದರು.

ಆದರೆ ಅದು ಒಬ್ಬರ ದನಿ. ಒಡ್ಡಿನ ಮೇಲಿದ್ದ ಯಾರ್ಡಿನವರೆಲ್ಲ, ಗಾಳಿ ಎದ್ದಾಗ ಜೀವಮಾನವಿಡೀ ಏನು ಒದರಿದ್ದರೋ ಅದನ್ನೇ ಒದರಿದರು. 'ಬಿಡಬ್ಯಾಡ! ಹಿಡೀ! ಬಿಡಬ್ಯಾಡೋ!' ನನ್ನ ಬಾಯಿಂದಲೂ ಅದೇ ಹೊರಟಿತು. ಎಲ್ಲರ ಮೇಲೆ ಅತ್ತೆಯ ದನಿ, ಹರಿದು ಚಿಂದಿಯಾದ ದನಿ: 'ಬಿಡಬ್ಯಾಡೋ ಮಗನ!'

ಅವರು ಬಿಡಲಿಲ್ಲ. ಟ್ರೇಲರ್ ಕಲ್ಲು ಹತ್ತಿ ಇಳಿದು, ಇಳಿಜಾರಿನಲ್ಲಿ ತನ್ನಷ್ಟಕ್ಕೆ ತಾನೇ ಹೊರಟಿತು. ಅವರು ಅದರ ಹಿಂದೆ ಓಡಿದರು, ಎಡವಿದರು, ಬಿದ್ದರು, ಬಿದ್ದವರನ್ನು ಅದು ಎಳೆದುಕೊಂಡು ಹೋಯಿತು. ಸಾಯುತ್ತಾರೆ ಅಂದುಕೊಂಡೆ. ನನ್ನ ಕಣ್ಣೆದುರೇ ಸಾಯುತ್ತಾರೆ, ನಾವೆಲ್ಲ ಬಿಡಬ್ಯಾಡ ಅನ್ನುತ್ತಾ ನಿಂತಿದ್ದೇವೆ. ಮುಂದಿನ ಗಾಲಿ ಒಡ್ಡಿನ ಪಕ್ಕದ ತಗ್ಗಿಗೆ ಇಳಿದು ಟ್ರೇಲರ್ ಓರೆಯಾಯಿತು. ಗಳ ಮುರಿಯಿತು. ಹಾಯಿ ಅವರ ಮೇಲೆ ಬಿತ್ತು.

ಬಿಳಿಬಟ್ಟೆಯ ಕೆಳಗೆ ಏನೂ ಅಲುಗಲಿಲ್ಲ. ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಬಟ್ಟೆ ಎಳೆದು ಎಳೆದು ಮುಗಿಯುವುದೇ ಇಲ್ಲ, ಅಷ್ಟು ಬಟ್ಟೆ ನೇಯ್ದ ನನ್ನ ತವರನ್ನೇ ಶಪಿಸಿದೆ. ಮುಖ ಸಿಕ್ಕಿತು. ಮಣ್ಣು ಮೆತ್ತಿದ ಮುಖ, ಕಣ್ಣು ತೆರೆದಿತ್ತು. 'ಬಿಡಲಿಲ್ಲ ನಾ' ಅಂದರು. ಹಗ್ಗ ಬಲಗೈಯೊಳಗೆ ಇಳಿದು ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಅಷ್ಟಾದರೂ ಮುಷ್ಟಿ ಬಿಚ್ಚಿರಲಿಲ್ಲ. ತಾಂಡೇಲರು ಚಾಕುವಿನಿಂದ ಹಗ್ಗ ಕತ್ತರಿಸಿದರು.

ಹಾವೇರಿಯ ದವಾಖಾನೆಯಲ್ಲಿ ಡಾಕ್ಟರು ಬೆರಳು ಉಳಿಸಿದರು. ಎರಡು ಬೆರಳು ಮೊದಲಿನಂತೆ ಮಡಚುವುದಿಲ್ಲ ಎಂದು ಹೇಳಿಯೇ ಕಳಿಸಿದರು. ಅತ್ತೆ ಅಲ್ಲಿಯ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಆ ಗಂಟಲು ಸುಮ್ಮನಿದ್ದದ್ದು ನೋಡಿ ನನಗೆ ಗಾಳಿಗಿಂತ ಹೆಚ್ಚು ಭಯವಾಯಿತು.

ಮನೆಗೆ ಬಂದ ಮೇಲೆ ಎಲ್ಲ ಮುಗಿಯಿತು ಅಂದುಕೊಂಡೆ. ಎಲ್ಲಿ ಮುಗಿಯುತ್ತದೆ! ಬ್ಯಾಂಡೇಜಿನ ಕೈ ಎತ್ತಿಕೊಂಡೇ ನಮ್ಮ ಮನೆಯವರು ದೊಡ್ಡ ಹಾಯಿಯ ಮುಂದೆ ಕೂತರು, ಎಡಗೈಯಿಂದ ತೋರಿಸುತ್ತಾ, ನನ್ನಿಂದಲೂ ಅತ್ತೆಯಿಂದಲೂ ಹೊಲಿಸಿದರು. ಅತ್ತೆ ಹೊಲಿದರು. ಯಾಕೆ ಹೊಲಿದರು ಎಂದು ನಾನು ಕೇಳಲಿಲ್ಲ. ದಸರೆ ಆದ ಮೇಲೆ ಹೋಗಿಯೇ ಹೋಗುತ್ತೇನೆ ಎಂದು ಮಗ ಹೇಳಿದಾಗಲೂ ಅತ್ತೆ ತಲೆ ಎತ್ತಲಿಲ್ಲ.

ಬೇಡ ಅಂದವರು ತಾಂಡೇಲರು. ಶ್ರಾವಣದಲ್ಲಿ ಬಂದು, ಚಹಾ ಕುಡಿದು, ಲೋಟ ಕೆಳಗಿಟ್ಟು ಹೇಳಿದರು: 'ನಿಮ್ಮ ಹೊಲಿಗೆ ಮೇಲೆ ನಂಗೆ ನಂಬಿಕೆ ಉಂಟು. ನಿಮ್ಮ ಕೈ ಮೇಲೆ ಇಲ್ಲ. ಹಡಗಿನಲ್ಲಿ ಹಗ್ಗ ಬಿಡೂಕೆ ಬಾರದವ ತಾನೂ ಸಾಯ್ತಾನೆ, ಪಕ್ಕದವನನ್ನೂ ಕೊಲ್ತಾನೆ. ಇನ್ನೊಂದ್ಸಲ ಅದೇ ಹೊಲದಲ್ಲಿ ಹಾಯಿ ಏರಿಸುವ. ನೀವು ಬಿಟ್ಟದ್ದನ್ನ ನನ್ನ ಕಣ್ಣಲ್ಲಿ ನೋಡಿದ್ರೆ ಕರ್ಕಂಡು ಹೋಗ್ತೆ. ಇಲ್ಲಾಂದ್ರೆ ಇಲ್ಲ.'

ಅಯ್ಯೋ, ಹಗ್ಗ ಬಿಡುವುದೇನು ದೊಡ್ಡ ವಿದ್ಯೆ ಅಂದುಕೊಂಡಿದ್ದೆ. ತೊಲೆಯ ಮೇಲಿಂದ ಹಗ್ಗ ಇಳಿಬಿಟ್ಟು ಒಂದು ತುದಿಗೆ ಮರಳಿನ ಚೀಲ ಕಟ್ಟಿದೆವು. ಇನ್ನೊಂದು ತುದಿ ಅವರ ಎಡಗೈಯಲ್ಲಿ. ನಾನು ಹಠಾತ್ತನೆ 'ಬಿಡ್ರಿ' ಅನ್ನಬೇಕು, ಅವರು ಬಿಡಬೇಕು. ನಾನು ಬಿಡ್ರಿ ಅಂದ ಕೂಡಲೇ ಅವರ ಮುಷ್ಟಿ ಇನ್ನೂ ಬಿಗಿಯಾಗುತ್ತಿತ್ತು. ಮೆಲ್ಲಗೆ ಹೇಳಿ ನೋಡಿದೆ, ಜೋರಾಗಿ ಹೇಳಿ ನೋಡಿದೆ, ಬೈದು ಹೇಳಿ ನೋಡಿದೆ. ಒಂದು ದಿನ ಊಟದ ನಡುವೆ ಒದರಿದೆ, ಕೈಯಲ್ಲಿದ್ದ ರೊಟ್ಟಿ ನುಚ್ಚುನೂರಾಯಿತು. ನಗು ಬಂತು, ಆಮೇಲೆ ಅಳು ಬಂತು. 'ಏನ್ ಆಗ್ತೈತ್ರಿ ನಿಮಗ? ಹೇಳ್ರೆಲ್ಲ' ಅಂದೆ. 'ಕೈ ಕೇಳೂದಿಲ್ಲ' ಅಂದರು. ಹಣೆಯ ಮೇಲೆ ಬೆವರಿತ್ತು. ಅತ್ತೆ ಒಳಗಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ನಾನು ತಿರುಗಿದ ಕೂಡಲೇ ಅಡುಗೆಮನೆಗೆ ಸರಿದರು.

ಶ್ರಾವಣದ ಕೊನೆಯ ಶನಿವಾರ ಮತ್ತೆ ಆ ಹೊಲಕ್ಕೆ ಹೋದೆವು. ನೆಲ ಆರಿ ಗಟ್ಟಿಯಾಗಿತ್ತು. ಈ ಸಲ ಟ್ರೇಲರ್ ಇಲ್ಲ, ತಾಂಡೇಲರು ತಾವೇ ನಿಂತು ಗಳ ನೆಡಿಸಿ ನಾಲ್ಕೂ ಕಡೆ ಹಗ್ಗ ಬಿಗಿಸಿ, ಕೆಳಮೂಲೆಯ ಹಗ್ಗಕ್ಕೆ ಒಂದು ಗೂಟ ಹೊಡೆಸಿದರು. ಯಾರ್ಡಿನವರಿಗೆ ಬರಬೇಡಿ ಅಂದಿದ್ದರು. ಅತ್ತೆ ಬೆಳಗ್ಗೆಯೇ ಕದರಮಂಡಲಗಿಗೆ ಹೋಗಿದ್ದರು, ಹೀಗಾಗಿ ಅವರು ಇರುವುದಿಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಿತ್ತು. ಆದರೆ ಹಾಯಿ ಏರುವ ಹೊತ್ತಿಗೆ ಹೆದ್ದಾರಿಯಲ್ಲಿ ಬಸ್ಸಿಳಿದು, ಹಣೆಯ ತುಂಬ ಹನುಮಪ್ಪನ ಸಿಂಧೂರ ಹಚ್ಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಹೊಲದ ನಡುವೆ ನಡೆದು ಬಂದರು.

'ಯಾರೂ ಬಾಯಿ ಬಿಡೂಕೆ ಇಲ್ಲ' ಎಂದು ತಾಂಡೇಲರು ನಮ್ಮಿಬ್ಬರಿಗೂ ಹೇಳಿದರು. 'ನಾನು ಕೈ ಎತ್ತಿದಾಗ ಅವರು ಬಿಡಬೇಕು. ಕೂಗಿ ತಲೆ ಕೆಡಿಸಬೇಡಿ.' ನಾನು ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ.

ಗಾಳಿಗೆ ಹೆಚ್ಚು ಕಾಯಬೇಕಾಗಲಿಲ್ಲ. ಹಾಯಿ ತುಂಬಿತು. ಹಗ್ಗ ಗೂಟಕ್ಕೆ ಒಂದೇ ಸುತ್ತು, ತುದಿ ಎಡಗೈಯಲ್ಲಿ, ಕೈಗೆ ಸುತ್ತಿಲ್ಲ. ಸರಿಯಾಗಿದೆ, ಎಲ್ಲ ಸರಿಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಗಾಳಿ ಹೆಚ್ಚಾಯಿತು. ಗಳ ಬಾಗಿತು. ತಾಂಡೇಲರು ಕೈ ಎತ್ತಿದರು.

ಅವರು ಬಿಡಲಿಲ್ಲ.

ಅವರ ಹಿಮ್ಮಡಿ ಮಣ್ಣಿನಲ್ಲಿ ಗೆರೆ ಕೊರೆಯುತ್ತಾ ಮುಂದೆ ಮುಂದೆ ಜರುಗಿತು. ತಾಂಡೇಲರು ಇನ್ನೊಂದು ಕೈಯನ್ನೂ ಎತ್ತಿದರು. ನಮ್ಮ ಮನೆಯವರು ಆ ಕೈಗಳನ್ನು ನೋಡುತ್ತಿದ್ದರು, ನೋಡುತ್ತಲೇ ಇನ್ನಷ್ಟು ಬಿಗಿಯಾಗಿ ಹಿಡಿದರು. ಬ್ಯಾಂಡೇಜು ಬಿಚ್ಚಿ ಇನ್ನೂ ಹೆಚ್ಚು ದಿನವಾಗಿರದ ಬಲಗೈಯೂ ಹಗ್ಗಕ್ಕೆ ಬಂತು. ಎತ್ತಿ ಒಗೆಯುತ್ತದೆ ಈಗ, ಈಗ ಎತ್ತಿ ಒಗೆಯುತ್ತದೆ. ಪಕ್ಕದಲ್ಲಿದ್ದ ಅತ್ತೆಯ ಚಪ್ಪಲಿ ನೆಲಕ್ಕೆ ಬಿದ್ದವು. ಅವರು ಬಾಯಿ ತೆರೆದದ್ದು ಕಂಡಿತು. ನಾನು ಅವರ ಬಾಯಿ ಮುಚ್ಚಲು ಕೈ ಚಾಚಿದೆ, ಮುಟ್ಟುವ ಮೊದಲೇ ದನಿ ಹೊರಬಿತ್ತು.

'ಬಿಡೋ! ಬಿಡೋ ಮಗನ, ಬಿಡು! ಬಿಡು ನನ್ನಪ್ಪಾ!'

ಬಿಟ್ಟರು. ಹಗ್ಗ ಗೂಟ ಬಿಟ್ಟು ಹಾರಿ ಹೋಯಿತು. ಹಾಯಿ ಒಮ್ಮೆ ಗುಡುಗಿ, ಬಡಬಡ ಬಡಿದುಕೊಳ್ಳತೊಡಗಿತು, ಗಳ ಮೆಲ್ಲಗೆ ನೆಟ್ಟಗಾಯಿತು. ನಮ್ಮ ಮನೆಯವರು ನಿಂತಲ್ಲೇ ನಿಂತಿದ್ದರು, ಎರಡೂ ಕೈ ಮುಂದೆ ಚಾಚಿ, ಬೆರಳು ಬಿಚ್ಚಿ. ಅವರಿಗೆ ಏನೂ ಆಗಿರಲಿಲ್ಲ.

ಅತ್ತೆ ಮಣ್ಣಿನಲ್ಲಿ ಕೂತುಬಿಟ್ಟರು. ನಾನು ಹಿಡಿಯಲು ಹೋದರೆ ಕೈ ಕೊಡವಿದರು. ಮಗ ಬಂದು ಎದುರು ಕುಕ್ಕರುಗಾಲಲ್ಲಿ ಕೂತಾಗ, ಅವರ ಮುಖ ನೋಡದೆ, ನೆಲಕ್ಕೆ ಹೇಳುವಂತೆ ಹೇಳಿದರು: 'ಅವತ್ತ ನಿಮ್ಮಪ್ಪಗ ಇದನ್ನ ಅನ್ನಲಿಲ್ಲ ನಾ. ಲಾರಿ ಕೆಳಗ ನಿಂತು ಬಿಡಬ್ಯಾಡ್ರಿ ಬಿಡಬ್ಯಾಡ್ರಿ ಅಂತ ಒದರಿದೆ. ನನ್ನ ಮಾತ ಕೇಳಿ ಹಿಡಕೊಂಡ್ರು. ಅರಿವಿ ಅವರನ್ನ ಎತ್ತಿ ಒಗೀತು.'

ಇಷ್ಟು ವರ್ಷ ಆ ಮನೆಯಲ್ಲಿದ್ದೂ ನಾನು ಈ ಮಾತು ಕೇಳಿರಲಿಲ್ಲ. ಲಾರಿ ಮೇಲಿಂದ ಬಿದ್ದರು ಎಂಬುದೊಂದೇ ನನಗೆ ಗೊತ್ತಿದ್ದದ್ದು.

ನಮ್ಮ ಮನೆಯವರು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಹೇಳಿದರು: 'ನಿಂದಲ್ಲ ಬೇ. ಅವತ್ತ ಲಾರಿ ಮ್ಯಾಲ ಆ ಕಡಿ ಹಗ್ಗಾ ನನ್ನ ಕೈಯಾಗಿತ್ತು. ನೀ ಒದರಿದ್ದು ನನಗೂ ಕೇಳಿಸ್ತು. ನಾ ಹೆದರಿ ಬಿಟ್ಟೆ. ನಾ ಬಿಟ್ಟಿದ್ದಕ್ಕ ಅರಿವಿ ಪೂರಾ ಅಪ್ಪನ ಕಡೆ ಹೋತು. ನೀ ದಿನಾ ಬಿಡಬ್ಯಾಡ ಬಿಡಬ್ಯಾಡ ಅಂದಾಗೆಲ್ಲಾ ನನಗs ಅನ್ನಾಕತ್ತಿ ಅಂತ ತಿಳಕೊಂಡಿದ್ದೆ.'

ಗಾಳಿಗೆ ಹಾಯಿ ಬಡಿದುಕೊಳ್ಳುತ್ತಲೇ ಇತ್ತು. ಅತ್ತೆ ಮಗನ ಎರಡೂ ಕೈಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

'ಗೊತ್ತೈತಿ. ನಾ ಕೆಳಗ ನಿಂತು ನೋಡೇನಿ' ಅಂದರು. 'ನೀ ಬಿಟ್ಟಿ. ಅದಕ ಉಳದಿ ನನಗ.'

ತಾಂಡೇಲರಿಗೆ ನಮ್ಮ ಕಡೆಯ ಮಾತು ಎಷ್ಟು ತಿಳಿಯಿತೋ ಗೊತ್ತಿಲ್ಲ. ಸ್ವಲ್ಪ ದೂರದಲ್ಲಿ ನಿಂತು ಹಾರಿಹೋದ ಹಗ್ಗವನ್ನು ಸುತ್ತಿ ಸುತ್ತಿ ಇಡುತ್ತಿದ್ದವರು, ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು. 'ನಾನು ನೋಡ್ದೆ. ಬಿಟ್ರು. ದಸರೆ ಆದ ಮೇಲೆ ಕರ್ಕಂಡು ಹೋಗ್ತೆ, ಆಗೂದಾ ಅಮ್ಮಾ?'

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಸಿಂಧೂರವೆಲ್ಲ ಕೆನ್ನೆಗೆ ಬಂದಿತ್ತು. ಮಗನ ಕೈ ಇನ್ನೂ ಅವರ ಮಡಿಲಲ್ಲೇ ಇತ್ತು.

'ಹೋಗ್ಲಿ ಬಿಡ್ರಿ' ಅಂದರು.